ಒಂಟಿ ಕೋಡಿನ ಹೋರಿ

ನಮ್ಮನೆಯವರು ಎಲ್ಲಿಗಾದರೂ ಹೊರಟರೆ ಸಾಕು, ನಮ್ಮತ್ತೆ ದನದ ಕೊಟ್ಟಿಗೆ ಸೇರಿಬಿಡುತ್ತಿದ್ದರು. ಹೊಸಪೇಟೆಗೆ ಹೊರಟರೂ ಅಷ್ಟೇ, ಸಂಡೂರಿಗೆ ಹೊರಟರೂ ಅಷ್ಟೇ. ಚಪ್ಪಲಿ ಮೆಟ್ಟಿದ ಸದ್ದು ಕೇಳಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿತ್ತಲ ಬಾಗಿಲಿಂದ ಹೊರಗೆ. ಗಂಡ ಸತ್ತ ಹೆಂಗಸು ಹೊರಟವರ ಎದುರಿಗೆ ಬರಬಾರದು ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಯಾರೋ ಏನು, ಇಡೀ ಊರೇ ತುಂಬಿತ್ತು. ಮಾವನವರು ತೀರಿಕೊಂಡಾಗ ನಮ್ಮತ್ತೆ ಇನ್ನೂ ಚಿಕ್ಕ ವಯಸ್ಸಿನವರು. ಅಂದಿನಿಂದ ಹೆತ್ತ ಮಗನಿಗೆ ಒಂದು ಸಲವೂ ಅವರು ಎದುರು ನಿಂತು "ಹೋಗಿ ಬಾ" ಅಂದಿರಲಿಲ್ಲ.

ನಮ್ಮನೆಯವರಿಗೆ ಇದು ಮೈಯೆಲ್ಲ ಉರಿ. ಹೊಸ್ತಿಲ ಮೇಲೆ ನಿಂತು "ಯವ್ವಾ, ಬರ್ತೀನಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗುವರು. ಕೊಟ್ಟಿಗೆಯಿಂದ ಎತ್ತಿನ ಕೊರಳ ಗಂಟೆಯ ಸದ್ದು ಬಿಟ್ಟರೆ ಬೇರೆ ಉತ್ತರವಿಲ್ಲ. ಒಮ್ಮೆ ಸಿಟ್ಟು ತಡೆಯದೆ ಕೊಟ್ಟಿಗೆಗೇ ನುಗ್ಗಿದರು. ಅತ್ತೆ ಎತ್ತಿನ ಆ ಕಡೆ ಸರಿದರು. ಇವರು ಆ ಕಡೆ ಹೋದರೆ ಅವರು ಈ ಕಡೆ. ತಾಯಿ ಮಗ ಎತ್ತಿನ ಸುತ್ತ ಪ್ರದಕ್ಷಿಣೆ ಹಾಕುವುದನ್ನು ನೋಡಿ ನಾನು ನಕ್ಕುಬಿಟ್ಟೆ. ಇಬ್ಬರಿಂದಲೂ ಬೈಸಿಕೊಂಡೆ.

ನಾನು ಹೊಸಪೇಟೆಯ ಹುಡುಗಿ. ಕಂಪ್ಲಿಯ ಗದ್ದೆಯ ಮನೆ, ಕಾಲುವೆ ನೀರು, ವರ್ಷಕ್ಕೆ ಎರಡು ಬೆಳೆ, ಮಗಳು ತಣ್ಣಗೆ ಇರುತ್ತಾಳೆ ಎಂದು ನಮ್ಮಪ್ಪ ಕೊಟ್ಟರು. ಅನ್ನಕ್ಕೆ ಕೊರತೆಯಾಗಲಿಲ್ಲ, ನಿಜ. ತಣ್ಣಗಿರುವುದು ಮಾತ್ರ ಹಣೆಯಲ್ಲಿ ಬರೆದಿರಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಿ ನನಗೆ ರೂಢಿಯಿಲ್ಲ, ಬರೆಯಲೂ ಕೈ ಏಳುವುದಿಲ್ಲ. ನಮ್ಮನೆಯವರು ಎಂದರೆ ಸಾಕು. ಅವರ ತಲೆಯೊಳಗೆ ಒಂದು ಹುಳವಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅದು ಎದ್ದು ಕೊರೆಯಲು ಶುರುಮಾಡುತ್ತಿತ್ತು. ಮೊದಲು ಹೊಸಪೇಟೆಯಲ್ಲಿ ಐಸ್ ಫ್ಯಾಕ್ಟರಿ ಹಾಕಿದರು. ಐಸೇನೋ ಚೆನ್ನಾಗಿಯೇ ಆಗುತ್ತಿತ್ತು, ಆದರೆ ಕಂಪ್ಲಿ ಮುಟ್ಟುವ ಹೊತ್ತಿಗೆ ಒದ್ದೆ ಹೊಟ್ಟು ಮತ್ತು ಗೋಣಿಚೀಲ ಮಾತ್ರ ಉಳಿಯುತ್ತಿದ್ದವು. ಆಮೇಲೆ ಟೂರಿಂಗ್ ಟಾಕೀಸ್. ಬಂಡ್ರಿಯಲ್ಲಿ ಬಿರುಗಾಳಿಗೆ ಡೇರೆ ಹಾರಿ ಪಕ್ಕದ ಜೋಳದ ಹೊಲಕ್ಕೆ ಬಿತ್ತು. ಜನ ಮಾತ್ರ ಕೂತಲ್ಲಿಂದ ಏಳದೆ, ಬಯಲಲ್ಲೇ ಉಳಿದ ಸಿನಿಮಾ ನೋಡಿ ಮುಗಿಸಿದರಂತೆ. ಅದಾದ ಮೇಲೆ ಸಂಡೂರಿನ ಅದಿರು ಸಾಗಿಸುವ ಲಾರಿಗಳು. ಇವು ಕೈ ಹಿಡಿದವು. ಕೈ ಹಿಡಿದದ್ದೇ ಎಡವಟ್ಟಾಯಿತು. ಲಾರಿಯ ಕೆಲಸ ಎಂದು ನಮಗೆ ಹೇಳಿ ಮೇಲಿಂದ ಮೇಲೆ ಬೆಂಗಳೂರಿಗೆ ಹೋದವರು ಅಲ್ಲಿ ವಿಮಾನ ಹಾರಿಸುವುದನ್ನು ಕಲಿತು, ಲೈಸೆನ್ಸನ್ನೂ ಪಡೆದು ಬಂದಿದ್ದರು.

ಒಂದು ದಿನ ಊಟಕ್ಕೆ ಕೂತಾಗ, "ವಿಮಾನ ತಗೊಂಡೀನಿ" ಅಂದರು.

ನಾದಿನಿಯ ಮಗುವಿಗೆ ಆಟದ ಸಾಮಾನಿರಬೇಕೆಂದು ನಾನು, "ಎಲ್ಲೈತ್ರಿ, ತೋರಸ್ರಿ" ಅಂದೆ.

"ಏರು ಹೊಲದಾಗ ಗರಸು ಹಾಕಿಸಿ ರೋಲರ್ ಹೊಡಸಬೇಕು. ಆಮ್ಯಾಲ ಬರ್ತತಿ" ಅಂದರು.

ಮಜ್ಜಿಗೆಯ ಸೌಟು ನನ್ನ ಕೈಯಲ್ಲೇ ಉಳಿಯಿತು.

ಕಾಲುವೆ ಬಂದರೂ ನೀರು ಹತ್ತದ ಎತ್ತರದ ಹೊಲವೊಂದು ನಮಗಿತ್ತು. ಊರೆಲ್ಲ ಭತ್ತ, ಕಬ್ಬು, ಬಾಳೆ ಎಂದು ಹಸಿರಾಗಿದ್ದಾಗ ಅದೊಂದು ಬೋಳು ತಲೆಯಂತೆ ಬಿದ್ದಿರುತ್ತಿತ್ತು. ನಮ್ಮದೇ ಲಾರಿಗಳಲ್ಲಿ ಕೆಂಪು ಗರಸು ಮಣ್ಣು ಬಂತು, ಹೊಲ ರಸ್ತೆಯಂತಾಯಿತು, ಒಂದು ಬೆಳಗ್ಗೆ ಆಕಾಶದಿಂದ ಹಳದಿ ಬಣ್ಣದ ಹಳೆಯ ವಿಮಾನ ಇಳಿಯಿತು. ಜನ ಬಂಡಿ ಕಟ್ಟಿಕೊಂಡು ಬಂದಿದ್ದರು. ನಮ್ಮತ್ತೆ ಮಾತ್ರ ಮನೆಯಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ಇವರು ಧೂಳು ತುಂಬಿದ ಮುಖದಲ್ಲೇ ಬಂದು, "ಯವ್ವಾ, ಹೊಸ ಹೋರಿ ತಂದೀನಿ. ಹುಲ್ಲು ತಿನ್ನಂಗಿಲ್ಲ, ಎಣ್ಣಿ ಕುಡಿತತಿ" ಅಂದರು. ಅತ್ತೆ ತಲೆ ಎತ್ತದೆ, "ಇದರ ಮಾರಿಗಿಷ್ಟು. ಹಾಯಂಗಿಲ್ಲ ಅಲ್ಲ?" ಎಂದು ಕೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಹೋರಿ ಎಂದೇ ಹೆಸರು.

ಹೋರಿಯ ಕೆಲಸ ಬೆಳೆಗೆ ಎಣ್ಣೆ ಹೊಡೆಯುವುದು. ಭತ್ತಕ್ಕೆ ಹುಳ ಬಿದ್ದರೆ ಔಷಧ ಸಿಂಪಡಿಸುವುದನ್ನು ನಮ್ಮ ಕಡೆ ಹಾಗೇ ಅನ್ನುತ್ತಾರೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಕೆಸರಲ್ಲಿ ತಿರುಗುವ ಆಳುಗಳು ವಾರಗಟ್ಟಲೆ ಮಾಡುವುದನ್ನು ಹೋರಿ ಒಂದು ಬೆಳಗಿನಲ್ಲಿ ಮುಗಿಸುತ್ತಿತ್ತು. ಹೊಡೆಯುವ ಕೆಲಸವಿಲ್ಲದಾಗ ಹಂಪಿ ನೋಡಲು ಬಂದ ಶ್ರೀಮಂತರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಬಂಡೆಗಳ ಮೇಲೆ, ಹೊಳೆಯ ಮೇಲೆ ಒಂದು ಸುತ್ತು. ಇಳಿದವರಲ್ಲಿ ಅರ್ಧ ಜನ ವಾಂತಿ ಮಾಡುತ್ತಿದ್ದರು, ಉಳಿದರ್ಧ ಜನ ಇನ್ನೊಂದು ಸುತ್ತು ಕೇಳುತ್ತಿದ್ದರು.

ನನಗೆ ಹೆದರಿಕೆ ಇರಲಿಲ್ಲವೇ? ಇತ್ತು. ಬೆಳಗ್ಗೆ ಅವರು ಮೇಲೆ ಹೋದರೆ ಕೆಳಗೆ ಬರುವ ತನಕ ನನ್ನ ಕಿವಿ ಆಕಾಶದಲ್ಲೇ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ಉಂಟು. ನನ್ನ ಹೆದರಿಕೆ ಕಳೆಯಲೆಂದು ಅವರು ಒಮ್ಮೆ ಹೋರಿಯ ಒಂದೊಂದೇ ಅಂಗ ತೋರಿಸಿ ಪಾಠ ಹೇಳಿದ್ದರು. ಎಡ ರೆಕ್ಕೆಯ ಕೆಳಗೆ, ಮುಂದಕ್ಕೆ ಚಾಚಿಕೊಂಡು, ಗೇಣುದ್ದದ ಸಣ್ಣ ಕೊಳವೆಯೊಂದಿತ್ತು. ತುದಿಯಲ್ಲಿ ಕಡಲೆಕಾಳು ಹಿಡಿಯುವಷ್ಟು ತೂತು. "ಇದಕ್ಕ ಮೆಲ್ಲಕ ಊದು" ಅಂದರು. ಊದಿದೆ. ಒಳಗೆ ಅವರ ಸೀಟಿನ ಮುಂದಿದ್ದ ಗಡಿಯಾರದಂಥ ಬಿಲ್ಲೆಯ ಮುಳ್ಳು ಜಿಗಿದು ಮೇಲೇರಿತು. ಗಾಳಿ ಈ ತೂತಿನಲ್ಲಿ ಹೊಕ್ಕು ವೇಗ ಎಷ್ಟೆಂದು ಆ ಮುಳ್ಳಿಗೆ ಹೇಳುತ್ತದೆ. ವೇಗ ಕಡಿಮೆಯಾದರೆ ವಿಮಾನ ಗಾಳಿಯಲ್ಲಿ ನಿಲ್ಲುವುದಿಲ್ಲ, ಕಲ್ಲಿನಂತೆ ಬೀಳುತ್ತದೆ. ಅದರಲ್ಲೂ ಇಳಿಯುವಾಗ ಈ ಮುಳ್ಳೇ ಕಣ್ಣು. ಹೆದರಿಕೆ ಕಳೆಯಲು ಹೇಳುವ ಮಾತೇ ಇದು? ಆದರೆ ಮರೆಯದ ಹಾಗೆ ತಲೆಯಲ್ಲಿ ಕೂತಿತು.

ಮಹಾನವಮಿ ಬಂತು. ಆಯುಧ ಪೂಜೆಯ ದಿನ ಲಾರಿಗಳಿಗೆಲ್ಲ ಬಾಳೆಕಂದು, ಚೆಂಡುಹೂವು ಕಟ್ಟಿ ಮುಗಿದ ಮೇಲೆ ಇವರು ಹಟ ಹಿಡಿದರು. ಹೋರಿಗೆ ಪೂಜೆ ಮಾಡಿದರೆ ಅವ್ವನೇ ಮಾಡಬೇಕು, ಇಲ್ಲದಿದ್ದರೆ ಹೋರಿಗೆ ಪೂಜೆಯೇ ಬೇಡ.

"ನಾ ಮುಟ್ಟಬಾರದಪಾ" ಅಂದರು ಅತ್ತೆ.

"ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಬಣ್ಣಾ ಹಚ್ಚೋರು ಯಾರು? ನೀನ ಅಲ್ಲೇನು? ಆ ಎತ್ತೇನು ಸತ್ತಾವ?"

"ಅವು ದನ. ಅವಕ್ಕೇನು ತಿಳಿತತಿ."

"ಇದಕ್ಕೂ ಏನೂ ತಿಳಿಯಂಗಿಲ್ಲ. ಇದೂ ಹೋರೀನ."

ಅತ್ತೆ, "ಪೂಜಿ ಮಾಡ್ತೀನಿ. ಅದು ಹೊಂಡೋವಾಗ ಎದುರಿಗೆ ನಿಂದ್ರು ಅನಬ್ಯಾಡ" ಎಂದು ಕರಾರು ಹಾಕಿ ಎದ್ದರು. ವಿಮಾನ ಬಂದ ಮೇಲೆ ಆ ಹೊಲಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು. ವಿಮಾನದ ಸುತ್ತ ಒಂದು ಸುತ್ತು ಬಂದರು. ಹೊಸ ದನ ಕೊಳ್ಳುವಾಗ ನೋಡುವ ಹಾಗೆ ಗಾಲಿ ನೋಡಿದರು, ಹೊಟ್ಟೆ ತಟ್ಟಿದರು, ಬಾಲ ನೋಡಿದರು. "ಒಂದ ಕೋಡು ಐತೆಲ್ಲೋ ಇದಕ್ಕ!" ಅಂದರು. ಇವರು ಹೊಟ್ಟೆ ಹಿಡಿದು ನಕ್ಕರು. ನಾವೆಲ್ಲ ಆ ಕಡೆ ಕುಂಬಳಕಾಯಿ ಒಡೆಯುವ ಗಡಿಬಿಡಿಯಲ್ಲಿದ್ದೆವು. ಅತ್ತೆ ಒಬ್ಬರೇ ರೆಕ್ಕೆಯ ಕೆಳಗೆ ಕೂತು ಹುರಮಂಜಿನ ಕೆಂಪು ಬಣ್ಣ ಕಲಸಿ ತಮ್ಮ ಕೆಲಸ ಮಾಡುತ್ತಿದ್ದರು.

ಮರುದಿನ ಬನ್ನಿ ಹಬ್ಬ. ಹೊಸ ಕೆಲಸ ಹಿಡಿಯಲು ಒಳ್ಳೆಯ ದಿನ, ಜೊತೆಗೆ ಹೊಳೆ ಪಕ್ಕದ ರೈತರೊಬ್ಬರ ಭತ್ತಕ್ಕೆ ಜಿಗಿಹುಳು ಹತ್ತಿ ಆ ರೈತರು ನಮ್ಮ ಮನೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಹಾರುವ ಮೊದಲು ದಿನಾ ವಿಮಾನ ಪರೀಕ್ಷಿಸುತ್ತಿದ್ದ ಮೆಕ್ಯಾನಿಕ್ ಹಬ್ಬಕ್ಕೆಂದು ಹೊಸಪೇಟೆಗೆ ಹೋಗಿದ್ದ. ಇವರೇ ಹೂವು, ಬಾಳೆಕಂದು ಬಿಚ್ಚಿದರು. ಅವ್ವ ಹಚ್ಚಿದ್ದ ಅರಿಷಿಣ, ಕುಂಕುಮ, ಕೋಡಿನ ಕೆಂಪು ಬಣ್ಣ, ಯಾವುದನ್ನೂ ಒರೆಸಲಿಲ್ಲ. ಇಷ್ಟು ವರ್ಷಕ್ಕೆ ಸಿಕ್ಕಿದ್ದನ್ನು ಒರೆಸಲು ಯಾರಿಗೆ ಮನಸ್ಸು ಬರುತ್ತದೆ? ಲಾರಿ ಡ್ರೈವರು ವಿಮಾನದ ಮೂತಿಯಲ್ಲಿದ್ದ ಪಂಕವನ್ನು ಕೈಯಿಂದ ತಿರುವಿದ. ಎಂಜಿನ್ ಹೊತ್ತಿತು.

ನಾನು ಹೊಲದ ಈ ತುದಿಯಲ್ಲಿ ನಿಂತಿದ್ದೆ. ನೋಡಿದರೆ ಪಕ್ಕದ ಬೇವಿನ ಮರದ ಹಿಂದೆ ಅತ್ತೆ! "ಎದುರಿಗೆ ಬಂದಿಲ್ಲ, ಬಾಲದ ಕಡೆ ಅದೀನಿ. ಕೋಡಿಗೆ ಬಣ್ಣಾ ಹಚ್ಚೀನಿ, ಹೆಂಗ ಕಾಣ್ತತಿ ನೋಡೂಣಂತ ಬಂದೆ" ಅಂದರು. ವಿಮಾನ ನಮಗೆ ಬೆನ್ನು ಮಾಡಿ ಗರಸಿನ ಮೇಲೆ ಓಡಿತು. ಅದು ನೆಲ ಬಿಟ್ಟಿತು ಎನ್ನುವಷ್ಟರಲ್ಲಿ ಅತ್ತೆ ಸಂತೋಷದಿಂದ ನನ್ನ ತೋಳು ಹಿಡಿದರು.

"ನೋಡು ಹುಡುಗಿ, ನಿನ್ನ ಗಂಡಗ ಹೋರಿ ಕಟ್ಟಾಕ ಬರ್ತತಿ, ಸಾಕಾಕ ಬರಂಗಿಲ್ಲ. ಕೋಡಿನ ತುದಿಗೆ ತೂತು ಬಿದ್ದೈತಿ, ನೋಡೇ ಇಲ್ಲ. ತೂತಿನಾಗ ಹುಳ ಹೊಕ್ಕರ ಕೋಡು ಕೊಳಿತತಿ. ಮೇಣದಾಗ ಹುರಮಂಜು ಕಲಸಿ ಗಟ್ಟಿ ಒತ್ತಿ ಮುಚ್ಚೀನಿ."

"ಏನ್ ಮಾಡಿದ್ರಿ ಅತ್ತಿ?" ಎಂದು ಬಾಯಿಯ ತನಕ ಬಂದದ್ದನ್ನು ನುಂಗಿದೆ. ಕೂಗಿದರೆ ಮೇಲಿನವರಿಗೆ ಕೇಳುವುದಿಲ್ಲ. ಕೆಳಗಿನವರಿಗೆ ಹೇಳಿ ಆಗಬೇಕಾದ್ದೇನು? ಮುಳ್ಳು ಸತ್ತಿದೆ, ಅವರಿಗೆ ವೇಗ ತಿಳಿಯುವುದಿಲ್ಲ, ಹೊಟ್ಟೆ ತುಂಬ ಎಣ್ಣೆಯ ಭಾರ ಬೇರೆ. ದೇವರೇ, ಇವರನ್ನು ಕೆಳಗಿಳಿಸು, ಇನ್ನು ಮೇಲೆ ನಾನೇನೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಬಡಬಡಿಸಿದೆ.

ಅವರು ಗದ್ದೆಯ ಕಡೆ ಹೋಗಲಿಲ್ಲ. ದೂರ, ಊರೂ ಹೊಲವೂ ಇಲ್ಲದ ಕಲ್ಲುಗುಡ್ಡದ ಕಡೆ ತಿರುಗಿ, ಅಲ್ಲಿ ಎಣ್ಣೆಯನ್ನೆಲ್ಲ ಚೆಲ್ಲಿದರು. ಬಿಳಿ ಹೊಗೆಯಂತೆ ಅದು ಇಳಿಯುವುದು ಕಂಡಿತು. ಆಗ ನನಗೆ ಖಾತ್ರಿಯಾಯಿತು, ಅವರಿಗೂ ಗೊತ್ತಾಗಿದೆ. ಮರಳಿ ಬಂದು ಹೊಲದ ಮೇಲೆ ಒಂದು ಸುತ್ತು ಹೊಡೆದರು. ಇಳಿಯಲು ಬಂದವರು ಇಳಿಯದೆ ಮತ್ತೆ ಮೇಲೇರಿದರು.

"ನನಗ ತೋರಸಾಕ ಸುತ್ತಾಕತ್ತಾನ" ಎಂದು ಅತ್ತೆ ಮರದ ಮರೆಯಿಂದ ಹೊರಗೆ ಬಂದರು. ಕಣ್ಣ ಮೇಲೆ ಕೈ ಹಿಡಿದು, ಸೆರಗು ಗಾಳಿಗೆ ಬಿಟ್ಟು, ಹೊಲದ ಅಂಚಿನಲ್ಲಿ ನಿಂತೇಬಿಟ್ಟರು. ಆ ಮುಖದ ಹಿಗ್ಗನ್ನು ನೋಡಲಾರದೆ ನಾನು ಆಕಾಶ ನೋಡಿದೆ. ಆಕಾಶವನ್ನೂ ನೋಡಲಾರದೆ ನೆಲ ನೋಡಿದೆ.

ಮತ್ತೆ ಬಂದರು. ಈ ಸಲ ದೂರದಿಂದಲೇ ತಗ್ಗಿ, ನೇರವಾಗಿ ನಮ್ಮ ಕಡೆಗೇ. ದಿನಾ ಬರುವುದಕ್ಕಿಂತ ಜೋರಾಗಿ ಬರುತ್ತಿದ್ದರು. ನಮ್ಮ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಗಿ, ಗಾಲಿ ನೆಲಕ್ಕೆ ತಾಗಿ ಪುಟಿದು, ಮತ್ತೆ ತಾಗಿ, ಕೆಂಪು ಧೂಳೆಬ್ಬಿಸುತ್ತ ಓಡಿತು, ಓಡಿತು, ಗರಸು ಮುಗಿಯಿತು, ಜಾಲಿ ಗಿಡಗಳೊಳಗೆ ನುಗ್ಗಿತು. ಅದರಾಚೆ ಕಾಲುವೆಯ ಏರಿ. ಧೂಳು ಮೆಲ್ಲಗೆ ಇಳಿಯತೊಡಗಿತು. ಧೂಳಿನೊಳಗಿಂದ ಅವರು ಪ್ಯಾಂಟಿಗೆ ಸಿಕ್ಕ ಜಾಲಿ ಮುಳ್ಳು ಬಿಡಿಸಿಕೊಂಡು, ಮುಳ್ಳಿಗೆ ಬೈಯುತ್ತ ಹೊರಗೆ ಬಂದರು. ಹೋದ ಜೀವ ಬಂತು. ನಾನು ಹೊಸ ಸೀರೆಯನ್ನೂ ನೋಡದೆ ಗರಸಿನ ಮೇಲೆ ಕೂತುಬಿಟ್ಟೆ, ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ನಾನು ಎದ್ದು ಓಡಿ ಹೋಗುವಷ್ಟರಲ್ಲಿ ಅವರು ರೆಕ್ಕೆಯ ಕೆಳಗೆ ಬಗ್ಗಿ ಕೊಳವೆಯ ತುದಿ ನೋಡುತ್ತಿದ್ದರು. ನನ್ನ ಮುಖ ನೋಡಿದರು. ಇಬ್ಬರಿಗೂ ಎಲ್ಲ ತಿಳಿಯಿತು. ಅವರು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೇಳಿ ಇಸಕೊಂಡರು. ತೂತಿನಿಂದ ಮೇಣ ಕೆದಕುತ್ತಿರುವಾಗಲೇ ಅತ್ತೆ ಏದುಸಿರು ಬಿಡುತ್ತ ಬಂದರು.

"ಮುಚ್ಚಿದ್ದನ್ನ ಯಾಕ ತೆಗೀತಿಯೋ? ಹುಳ ಹೊಕ್ಕಾವು."

ಅವರು ನಕ್ಕರು. ಆ ಹೊತ್ತಿನಲ್ಲೂ ನಗು ಬಂತಲ್ಲ ಪುಣ್ಯಾತ್ಮನಿಗೆ. "ಇದು ಕೋಡಲ್ಲ ಯವ್ವಾ, ಮೂಗು. ಇದರಾಗ ಉಸಿರಾಡತತಿ."

ನಮ್ಮತ್ತೆ ದಡ್ಡರಲ್ಲ. ಜಾಲಿಯೊಳಗೆ ನುಗ್ಗಿದ ವಿಮಾನ ನೋಡಿದರು, ಕೆದರಿದ ಗರಸು ನೋಡಿದರು, ನನ್ನ ಅತ್ತ ಕಣ್ಣು ನೋಡಿದರು. "ಮೂಗು ಮುಚ್ಚಿ ಕಳಿಸಿದ್ನೇನು ನಾನು?" ಎಂದು ಬಾಯಿಗೆ ಸೆರಗು ಒತ್ತಿಕೊಂಡು, ತಿರುಗಿ ಮನೆಯ ಕಡೆ ನಡೆದೇಬಿಟ್ಟರು. ಅಲ್ಲಿಂದ ಸೀದಾ ಕೊಟ್ಟಿಗೆ.

ನನಗೆ ಆಗ ಬಂದ ಸಂಕಟ ಬೇರೆ ಬಗೆಯದು. ಗಂಡ ಉಳಿದರು, ಅತ್ತೆ ಇನ್ನು ಕೊಟ್ಟಿಗೆ ಬಿಟ್ಟು ಬರುವುದಿಲ್ಲ. ಊರು ಹೇಳಿದ್ದೇ ಸರಿ, ನಾನು ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಸಾಯುವ ತನಕ ಕೊರಗುತ್ತಾರೆ. ನಾವು ಹೋದಾಗ ಎತ್ತಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಅದನ್ನೇ ಹೇಳುತ್ತಿದ್ದರು. "ನನ್ನ ಮಾರಿ ಸುಡ್ಲಿ. ಬ್ಯಾಡ ಬ್ಯಾಡ ಅಂದೆ, ಕೇಳ್ದೇನು? ಎದುರಿಗೆ ನಿಂತಿದ್ದಿಲ್ಲ, ಹಿಂದ ನಿಂತಿದ್ದೆ, ಆದ್ರೂ ಹಿಂಗಾತು."

"ಹೌದು, ನೀ ಹಿಂದ ನಿಂತಿದ್ದಿ. ಅದಕ್ಕ ನಾ ಸುತ್ತು ಹೊಡದು ಎದುರಿಗೆ ಬಂದೆ" ಅಂದರು ಇವರು. "ಮುಳ್ಳು ಸತ್ತಿತ್ತು. ಮ್ಯಾಲಿಂದ ನೆಲಾ ಎಲ್ಲಾ ಒಂದ ಕಾಣ್ತತಿ. ಮೊದಲನೇ ಸಲ ಎತ್ತರದ ಅಂದಾಜು ಸಿಗಲಿಲ್ಲ, ಬಿಟ್ಟೆ. ಎರಡನೇ ಸಲ ನೋಡ್ತೀನಿ, ನೀ ಮರದ ಹಿಂದಿಂದ ಬಂದು ಅಂಚಿನಾಗ ನಿಂತೀದಿ. ನಿನ್ನ ಎತ್ತರ ನನಗ ಗೊತ್ತಿಲ್ಲೇನು? ನಿನ್ನ ಗುರ್ತು ಹಿಡದು ಇಳದೆ."

ಇದು ನಿಜವೋ, ಅಲ್ಲೇ ಹೊಳೆದ ಮಾತೋ, ನಾನು ಎಂದೂ ಕೇಳಲಿಲ್ಲ. ಅತ್ತೆ ಗೋಡೆಯಿಂದ ಅರ್ಧ ತಿರುಗಿದರು. ನನಗೆ ಅಷ್ಟೇ ಸಾಕಾಗಿತ್ತು.

"ಮತ್ತ ನೀ ಹೇಳಿದ್ದು ಖರೇನ ಐತಿ. ತೂತಿನಾಗ ಕಣಜದ ಹುಳ ಮಣ್ಣು ತುಂಬಿ ಗೂಡು ಕಟ್ತಾವು. ಬೆಂಗಳೂರಾಗೂ ಹೇಳ್ತಿದ್ರು, ವಿಮಾನ ನಿಲ್ಲಿಸಿದಾಗ ಮುಚ್ಚಬೇಕು ಅಂತ. ನಾನ ಅಲಕ್ಷ್ಯ ಮಾಡಿದ್ದೆ. ನೀ ಮುಚ್ಚಿದ್ದು ತಪ್ಪಲ್ಲ. ಆದ್ರ ಮುಚ್ಚಿದೋರು ತೆಗೀಬೇಕಲ್ಲ ಯವ್ವಾ?"

ಅತ್ತೆ ಅವರನ್ನೇ ನೋಡಿದರು. ಮಾತಿನ ಬಲೆ ಎಲ್ಲಿ ಬೀಳುತ್ತಿದೆ ಎಂದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಸಂಜೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ, ಬನ್ನಿ ಎಲೆಯ ಜೊತೆ ಒಂದು ತುಂಡು ಕೆಂಪು ಖಣದ ಬಟ್ಟೆಯನ್ನೂ ಇವರು ಅವ್ವನ ಕೈಗಿಟ್ಟರು. ಮುತ್ತೈದೆಯರಿಗೆ ಕೊಡುವ ಖಣ ಅವರ ಕೈಗೆ ಬಂದು ಎಷ್ಟು ವರ್ಷವಾಗಿತ್ತೋ. "ನಿನಗಲ್ಲ, ಹೋರಿ ಮೂಗಿಗೆ. ಚೀಲಾ ಹೊಲಿ" ಎಂದು ತಕ್ಷಣ ಸೇರಿಸಿದರು, ಇಲ್ಲದಿದ್ದರೆ ವಾಪಸು ಬರುತ್ತಿತ್ತು. ಅತ್ತೆ ದೀಪದ ಮುಂದೆ ಕೂತು ಬೆರಳುದ್ದದ ಚೀಲ ಹೊಲಿದರು. ದೂರಕ್ಕೆ ಕಾಣಲೆಂದು ಅದಕ್ಕೊಂದು ಉದ್ದನೆಯ ಬಾಲವನ್ನೂ ಇಟ್ಟರು.

ಆಮೇಲೆ ಎಷ್ಟೋ ವರ್ಷ ಹೋರಿ ಹಾರಿತು. ಇವರಿಗೆ ಕನ್ನಡಕ ಬಂದು, ತಲೆಯ ಹುಳ ಬಾಳೆಹಣ್ಣಿನ ಲಾರಿಗಳ ಕಡೆ ತಿರುಗಿದ ಮೇಲೆ ಅದನ್ನು ಮಾರಿದೆವು. ಗರಸು ಕಿತ್ತ ಆ ಹೊಲಕ್ಕೆ ಪಂಪು ಹಾಕಿ ನೀರೇರಿಸಿ, ಈಗ ಅಲ್ಲೂ ಭತ್ತ. ಇವರು ಒಂದು ಗಾಯವೂ ಇಲ್ಲದೆ ಮುದುಕರಾದರು. ಮುಪ್ಪು ನನಗೆ ಇಷ್ಟು ಸಂತೋಷ ಕೊಡುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ಹೋರಿ ಎಂದರೆ ನನಗೆ ನೆನಪಾಗುವುದು ಬನ್ನಿಯ ಮರುದಿನದ ಆ ಬೆಳಗು.

ವಿಮಾನವನ್ನು ಜಾಲಿಯಿಂದ ಎಳೆದಾಗಿತ್ತು, ಹಬ್ಬ ಮುಗಿಸಿ ಬಂದ ಮೆಕ್ಯಾನಿಕ್ ಎಲ್ಲ ನೋಡಿ, ಹಾರಬಹುದು ಎಂದು ತಲೆಯಾಡಿಸಿದ್ದ. ಇವರು ಒಳಗೆ ಹತ್ತಿ ಕೂತರು. ಪಂಕ ತಿರುವಲು ಬಿಡಲಿಲ್ಲ. ಕೆಂಪು ಚೀಲದ ಬಾಲ ರೆಕ್ಕೆಯ ಕೆಳಗೆ ಗಾಳಿಗೆ ಆಡುತ್ತಿತ್ತು. ಮೆಕ್ಯಾನಿಕ್ ತೆಗೆಯಲು ಹೋದರೆ "ಮುಟ್ಟಬ್ಯಾಡ" ಎಂದು ಗದರಿಸಿದರು. ಭತ್ತದ ರೈತರು ಬಿಸಿಲೇರುತ್ತದೆಂದು ಗೊಣಗಿದರು. ಇವರು ಕದಲಲಿಲ್ಲ.

ಅತ್ತೆ ಬೇವಿನ ಮರದ ಹತ್ತಿರ ಬಂದು ನಿಂತರು. ನಾನು ಅವರ ಕೈ ಹಿಡಿಯಲಿಲ್ಲ, ಕರೆಯಲೂ ಇಲ್ಲ. ಬೇಲಿಯ ಪಕ್ಕ ಸರಿಯುತ್ತ, ತಲೆ ತಗ್ಗಿಸಿ, ಬಾಲದ ಕಡೆಯಿಂದಲೇ ಬಂದರು. ಆದರೆ ಕೊಳವೆ ಇರುವುದು ರೆಕ್ಕೆಯ ಮುಂದೆ. ಮುಂದೆ ಬರಲೇಬೇಕು. ಬಂದರು. ಚೀಲ ತೆಗೆದು, ತೂತಿನೊಳಗೆ ಒಂದು ಕಣ್ಣು ಮುಚ್ಚಿ ಇಣುಕಿದರು. ಚೀಲವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಲೆ ಎತ್ತಿದಾಗ ಮಗ ಎದುರಿಗೇ ಇದ್ದ.

"ಯವ್ವಾ, ಬರ್ತೀನಿ" ಅಂದರು ಇವರು. ಈ ಸಲ ಕೂಗಲಿಲ್ಲ.

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಳ್ಳಲು ಕೈ ಎತ್ತಿದರು, ಕೈಯಲ್ಲಿ ಚೀಲವಿತ್ತು, ಹಾಗೇ ಬಿಟ್ಟರು.

"ಹೋಗಿ ಬಾ ತಮ್ಮಾ."

ಎಲ್ಲದಕ್ಕೂ ಮಾತು ಸಿದ್ಧವಾಗಿರುತ್ತಿದ್ದ ಇವರು ಅಂದು, ಹಾರುವಾಗ ಹಾಕುವ ಕನ್ನಡಿಯಂಥ ದೊಡ್ಡ ಕಪ್ಪು ಚಷ್ಮಾ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಪಂಕ ತಿರುವು ಎಂದು ಹೇಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.